ಹಳೆಯ ಮಾರುತಿ, ಹೊಸ ತ್ರೀಡಿ ಯಂತ್ರ

“ಗಾಡಿ ಎಡಕ್ಕ ಎಳಿತದ್ರಿ.” ಅಲೈನ್‌ಮೆಂಟ್ ಅಂಗಡಿಯ ಮುಂದೆ ಹಳೆಯ ಕಾರು ನಿಲ್ಲಿಸಿ ಇಳಿದವರ ಮೊದಲ ಮಾತು ಸಾಮಾನ್ಯವಾಗಿ ಇದೇ. ರಾಯಚೂರು ಜಿಲ್ಲೆಯ ವಳಕಮದಿನ್ನಿಯಂಥ ಊರುಗಳ ಕಡೆ ಈ ದೂರಿಗೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಎರೆಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಹಾಸಿದ ಡಾಂಬರು ಏರುತಗ್ಗಾಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಭತ್ತದ ಸೀಮೆಯಲ್ಲಿ ಗದ್ದೆಗಿಳಿದ ಟ್ರ್ಯಾಕ್ಟರು ಕೇಜ್ ವೀಲ್ ಬಿಚ್ಚದೆ ರಸ್ತೆಗೆ ಹತ್ತಿತೆಂದರೆ ಉಳಿದ ಡಾಂಬರೂ ಕಿತ್ತುಬರುತ್ತದೆ. ಇಂಥ ದಾರಿಯಲ್ಲಿ ಸಿಂಧನೂರು, ಮಸ್ಕಿ, ಲಿಂಗಸುಗೂರು ಎಂದು ವರ್ಷಗಟ್ಟಲೆ ಓಡಾಡಿದ ಮಾರುತಿ 800ರ ಮುಂದಿನ ಗಾಲಿಗಳು ನೆಟ್ಟಗಿದ್ದರೆ ಅದೇ ಆಶ್ಚರ್ಯ.

1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಈ ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಅಂದರೆ ಕೊನೆಯ 800ಕ್ಕೂ ಈಗ ಹತ್ತು ವರ್ಷ ದಾಟಿದೆ. ಆದರೆ ಅದನ್ನು ಹತ್ತಿಸುವ ಯಂತ್ರ ಮಾತ್ರ ಹೊಸದು: ನಾಲ್ಕೂ ಗಾಲಿಗೆ ಕ್ಲ್ಯಾಂಪು, ಕ್ಲ್ಯಾಂಪಿಗೊಂದು ಚುಕ್ಕಿಗಳ ಫಲಕ, ಎದುರಿಗೆ ಕ್ಯಾಮೆರಾ, ಪರದೆಯ ಮೇಲೆ ಕೆಂಪು-ಹಸಿರು ಅಂಕಿಗಳು.

ಮೊದಲು ಈ ಕೆಲಸ ದಾರ, ಸೀಮೆಸುಣ್ಣ, ಟೇಪಿನಲ್ಲಿ ಮುಗಿಯುತ್ತಿತ್ತು. ಮಿಸ್ತ್ರಿ ಜಾಕ್ ಹಾಕಿ ಗಾಲಿ ತಿರುಗಿಸಿ ಟೈರಿನ ನಡುವೆ ಮೊಳೆಯಿಂದ ಗೆರೆ ಎಳೆಯುತ್ತಿದ್ದ. ಕಾರು ಇಳಿಸಿ ಎರಡು ಗೆರೆಗಳ ನಡುವಿನ ಅಂತರವನ್ನು ಟೈರಿನ ಮುಂಬದಿಯಲ್ಲೊಮ್ಮೆ, ಹಿಂಬದಿಯಲ್ಲೊಮ್ಮೆ ಅಳೆಯುತ್ತಿದ್ದ. ಈ ಎರಡು ಅಳತೆಗಳ ವ್ಯತ್ಯಾಸವೇ ಟೋ. ಕೈ ಪಳಗಿದ್ದರೆ ಟೋ ಮಟ್ಟಿಗೆ ಈ ಲೆಕ್ಕ ಇಂದಿಗೂ ತಪ್ಪಲ್ಲ. ಗಾಲಿ ಒಳಕ್ಕೋ ಹೊರಕ್ಕೋ ವಾಲಿದ ಕ್ಯಾಂಬರ್ ಆಗಲಿ, ಸ್ಟೇರಿಂಗ್ ತಿರುಗುವ ಅಚ್ಚಿನ ಓರೆ, ಅಂದರೆ ಕ್ಯಾಸ್ಟರ್ ಆಗಲಿ, ಈ ದಾರಕ್ಕೆ ಸಿಗುತ್ತಿರಲಿಲ್ಲ.

ಅಲ್ಲಿ ಹೊಸ ಯಂತ್ರದ ಮೇಲುಗೈಯನ್ನು ಒಪ್ಪಲೇಬೇಕು. ಗುಂಡಿಗೆ ಬಿದ್ದು ಅಂಚು ಮಡಿಸಿದ ತಗಡಿನ ರಿಮ್ಮಿಗೆ ಕ್ಲ್ಯಾಂಪು ಸೊಟ್ಟಗೇ ಕೂರುತ್ತದೆ. ಕಾರನ್ನು ಸ್ವಲ್ಪ ಹಿಂದೆ ಮುಂದೆ ಉರುಳಿಸಿದರೆ ಯಂತ್ರ ಆ ಸೊಟ್ಟನ್ನು ಲೆಕ್ಕದಿಂದ ಕಳೆದುಬಿಡುತ್ತದೆ. ಹಿಂದಿನ ಆಕ್ಸಲ್ ಓರೆಯಾಗಿದ್ದರೆ ಅದನ್ನೂ ಹಿಡಿಯುತ್ತದೆ. ಮುಂದಿನ ಗಾಲಿಗಳನ್ನಷ್ಟೇ ಅಳೆಯುತ್ತಿದ್ದ ಕೈಗೆ ಅದು ಗೊತ್ತೇ ಆಗುತ್ತಿರಲಿಲ್ಲ.

ತೊಡಕು ಶುರುವಾಗುವುದು ಅಳತೆ ಮುಗಿದ ಮೇಲೆ. 800ರಲ್ಲಿ ತಿರುಗಿಸಿ ಸರಿಮಾಡಲು ಬರುವುದು ಮುಂದಿನ ಟೋ ಒಂದೇ. ಕ್ಯಾಂಬರಿಗೂ ಕ್ಯಾಸ್ಟರಿಗೂ ಕಂಪನಿ ಯಾವ ಹೊಂದಾಣಿಕೆಯನ್ನೂ ಇಟ್ಟಿಲ್ಲ. ಹಿಂದಿನದು ಗಟ್ಟಿ ಆಕ್ಸಲ್. ತಮಾಷೆಯೆಂದರೆ, ಗಾಡಿ ಒಂದು ಕಡೆ ಎಳೆಯಲು ಟೋ ಸಾಮಾನ್ಯವಾಗಿ ಕಾರಣವೇ ಅಲ್ಲ. ಟೋ ಕೆಟ್ಟರೆ ಟೈರು ಸವೆಯುತ್ತದೆ, ಸ್ಟೇರಿಂಗ್ ಸೊಟ್ಟ ನಿಲ್ಲುತ್ತದೆ. ಎಳೆತಕ್ಕೆ ಕಾರಣ ಬೇರೆ: ಎಡಬಲದ ಕ್ಯಾಂಬರ್-ಕ್ಯಾಸ್ಟರ್ ವ್ಯತ್ಯಾಸ, ಒಂದು ಕಡೆ ಹಿಡಿದುಕೊಂಡ ಬ್ರೇಕು, ಗಾಳಿ ಕಡಿಮೆಯಾದ ಅಥವಾ ಒಳಗೇ ಕೆಟ್ಟ ಟೈರು. ಮಳೆನೀರು ಹರಿಯಲೆಂದು ಎಡಕ್ಕೆ ಇಳಿಜಾರು ಕೊಟ್ಟ ರಸ್ತೆಯೂ ಸ್ವಲ್ಪ ಎಳೆಯುತ್ತದೆ, ಅದು ಗಾಡಿಯ ತಪ್ಪಲ್ಲ. ಹೀಗಾಗಿ ಗಿರಾಕಿ ಹೇಳಿದ ರೋಗ ಒಂದು, ಅಂಗಡಿ ಕೊಟ್ಟ ಮದ್ದು ಇನ್ನೊಂದು. ಪರದೆ ಹಸಿರಾಯಿತು, ಬಿಲ್ಲೂ ಆಯಿತು, ಗಾಡಿ ಮಾತ್ರ ಎಡಕ್ಕೇ ಹೊರಟಿತು.

ಕ್ಯಾಂಬರ್ ಕೆಂಪಾಗಿದ್ದರೆ ಕೆಲವೆಡೆ ಹೈಡ್ರಾಲಿಕ್ ಉಪಕರಣ ಕಟ್ಟಿ ಸ್ಟ್ರಟ್ಟನ್ನೇ ಬಗ್ಗಿಸಿ ಅಂಕಿ ಸರಿಮಾಡಿಕೊಡುತ್ತಾರೆ. ಅದಕ್ಕೆ ಬೇರೆ ದುಡ್ಡು. ಬಗ್ಗಿದ್ದು ಲೋವರ್ ಆರ್ಮೋ, ಕುಸಿದದ್ದು ಸ್ಪ್ರಿಂಗೋ ಎಂದು ನೋಡದೆ ಗಟ್ಟಿಯಿದ್ದ ಸ್ಟ್ರಟ್ಟನ್ನು ಬಗ್ಗಿಸುವುದು ರಿಪೇರಿಯಲ್ಲ, ಅಂಕಿಯನ್ನು ಓಲೈಸುವ ಕೆಲಸ.

ನಿಂತ ಗಾಡಿಯನ್ನು ಅಳೆಯುವ ಯಂತ್ರಕ್ಕೆ ಓಡುವ ಗಾಡಿಯ ಅಲುಗಾಟ ಕಾಣುವುದಿಲ್ಲ. 800ರಲ್ಲಿ ಲೋವರ್ ಆರ್ಮನ್ನು ಹಿಂದೆ ಮುಂದೆ ಸರಿಯದಂತೆ ಹಿಡಿಯುವುದು ಸ್ಟೆಬಿಲೈಜರ್ ಬಾರ್. ಅದರ ರಬ್ಬರ್ ಬುಷ್ ತಿಂದುಹೋಗಿದ್ದರೆ ಬ್ರೇಕ್ ಹಾಕಿದಾಗಲೆಲ್ಲ ಗಾಲಿ ಹಿಂದಕ್ಕೆ ಸರಿಯುತ್ತದೆ, ಕ್ಯಾಸ್ಟರ್ ಬದಲಾಗುತ್ತದೆ. ಕಟ್ಟೆಯ ಮೇಲೆ ಸುಮ್ಮನೆ ನಿಂತಾಗ ಎಲ್ಲವೂ ಹಸಿರೇ.

ಸಣ್ಣ ಗಾಲಿಯ ಲೆಕ್ಕವೂ ಒಂದಿದೆ. ಹಳೆಯ ಪುಸ್ತಕಗಳಲ್ಲಿ ಟೋ ಮಿಲಿಮೀಟರಿನಲ್ಲಿರುತ್ತದೆ, ಯಂತ್ರ ಕೋನದಲ್ಲೂ ತೋರಿಸುತ್ತದೆ. ಅಂಚಿನಲ್ಲಿ ಅಳೆದರೆ 2 ಮಿ.ಮೀ. ಅಂದರೆ 800ರ 12 ಇಂಚಿನ ರಿಮ್ಮಿನಲ್ಲಿ ಸುಮಾರು 0.38 ಡಿಗ್ರಿ, 16 ಇಂಚಿನದರಲ್ಲಿ 0.28. ಯಂತ್ರದೊಳಗಿನ ಕಾರುಗಳ ಪಟ್ಟಿಯಲ್ಲಿ 800 ಸಿಗಲಿಲ್ಲವೆಂದು ಅಂಗಡಿಯ ಹುಡುಗ ಬೇರೆ ಯಾವುದೋ ಕಾರನ್ನು ಒತ್ತಿದರೆ ಹಸಿರು ಬಣ್ಣ ಬೇರೆ ಗಾಡಿಯದ್ದಾಗಿರುತ್ತದೆ.

ಕೊನೆಗೆ ಎಲ್ಲ ನಿಲ್ಲುವುದು ಪಾನಾ ಹಿಡಿದ ಕೈಯಲ್ಲೇ. ಟೈ ರಾಡಿನ ಲಾಕ್ ನಟ್ಟು ತುಕ್ಕು ಹಿಡಿದಿರುತ್ತದೆ, ಎಣ್ಣೆ ಬಿಟ್ಟು ಕಾಯಬೇಕು. ಸ್ಟೇರಿಂಗ್ ರ‍್ಯಾಕಿನ ರಬ್ಬರ್ ಬೂಟಿನ ಕ್ಲಿಪ್ ಸಡಿಲಿಸದೆ ರಾಡು ತಿರುಗಿಸಿದರೆ ಬೂಟು ಹಿಂಡಿದ ಬಟ್ಟೆಯಂತೆ ತಿರುಚಿಕೊಂಡು ಹರಿಯುತ್ತದೆ. ಮುಂದೆ ಅದರೊಳಗೆ ಎರೆಮಣ್ಣು.

ಆದ್ದರಿಂದ ಹಳೆಯ ಕಾರಿನವರು ಬೆಲೆ ಕೇಳುವ ಮೊದಲು ಒಂದು ನೋಡಬೇಕು: ಕ್ಲ್ಯಾಂಪು ಹಾಕುವ ಮುಂಚೆ ಅಂಗಡಿಯವನು ಟೈರಿನ ಗಾಳಿ ನೋಡಿ, ಗಾಲಿ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸುತ್ತಾನೋ ಇಲ್ಲವೋ. ಅಲ್ಲಾಡಿಸದಿದ್ದರೆ ಬೇರೆ ಅಂಗಡಿ ನೋಡಿ. ಅಲ್ಲಾಡಿಸಿ ಬಾಲ್ ಜಾಯಿಂಟ್ ಹೋಗಿದೆ ಎಂದರೆ ಮೊದಲು ಅದನ್ನು ಹಾಕಿಸಿ, ಅಲೈನ್‌ಮೆಂಟ್ ಆಮೇಲೆ. ಮುಂಚಿನ ಅಂಕಿ, ನಂತರದ ಅಂಕಿ ಎರಡೂ ಇರುವ ಪ್ರಿಂಟನ್ನು ಕೇಳಿ ಇಸಿದುಕೊಳ್ಳಿ.