ಕಲಿತ ಅಸಹಾಯಕತೆ: ಪಠ್ಯದ ಒಂದು ಪರಿಕಲ್ಪನೆಯೂ ನಮ್ಮ ಪ್ರಸಂಗಪೀಠವೂ

ದೈವಜ್ಞಾನ ವಿದ್ಯಾರ್ಥಿಯು ಪಾಲನಾಸೇವೆಯ ಅಧ್ಯಯನದ ಅಂಗವಾಗಿ ಮನೋವಿಜ್ಞಾನದ ಪ್ರವೇಶಪಠ್ಯವೊಂದನ್ನು ಓದುತ್ತಾನೆ. ಸಂವೇದನೆ, ಗ್ರಹಿಕೆ, ಕಲಿಕೆ, ಸ್ಮೃತಿ, ಅಭಿಪ್ರೇರಣೆ, ವ್ಯಕ್ತಿತ್ವ ಎಂಬ ಅಧ್ಯಾಯಗಳನ್ನು ದಾಟಿ ಪರೀಕ್ಷೆ ಬರೆದು ಮರೆಯುತ್ತಾನೆ. ಆದರೆ ಪೂರ್ತಿ ಮರೆಯುವುದಿಲ್ಲ ಎಂಬುದೇ ತೊಂದರೆ. ಮುಂದೆ ಚನ್ನಗಿರಿಗೋ ಹೊನ್ನಾಳಿಗೋ ನ್ಯಾಮತಿಗೋ ಜಗಳೂರಿಗೋ ಸಭಾಪಾಲಕನಾಗಿ ಹೋದಾಗ ಆ ಅಧ್ಯಾಯಗಳು ಅರೆನೆನಪಾಗಿ ಪ್ರಸಂಗದೊಳಗೆ ನುಸುಳುತ್ತವೆ. ಹಾಗೆ ನುಸುಳುವ ಪರಿಕಲ್ಪನೆಗಳಲ್ಲಿ ಒಂದನ್ನು, 'ಕಲಿತ ಅಸಹಾಯಕತೆ' ಎಂಬುದನ್ನು, ನಾವು ಇಲ್ಲಿ ಪರಿಶೀಲಿಸಲು ಇಚ್ಛಿಸುತ್ತೇವೆ.

ಈ ಶಾಸ್ತ್ರ ಕನ್ನಡಕ್ಕೆ ಹೊಸದೆಂದು ಯಾರೂ ಹೇಳುವಂತಿಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಂ. ವಿ. ಗೋಪಾಲಸ್ವಾಮಿಯವರು 1924ರಲ್ಲಿಯೇ ಮನೋವಿಜ್ಞಾನ ವಿಭಾಗವನ್ನು ಕಟ್ಟಿದರು. 'ರಾಶಿ' ಎಂದು ನಾಡಿಗೆ ಪರಿಚಿತರಾದ ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ನಗೆಬರಹಗಾರರೊಬ್ಬರು ಮನೋರೋಗವನ್ನು ಕುರಿತು ಕನ್ನಡದಲ್ಲಿ ಬರೆಯಬಲ್ಲವರಾಗಿದ್ದರೆ, ದೇವಪ್ರಸಂಗಿಗಳಾದ ನಮಗೆ ಭಾಷೆಯ ಕೊರತೆಯ ನೆವ ಸಲ್ಲದು.

ಪಠ್ಯ ಹೇಳುವ ಕಥೆ ಇದು. 1967ರಲ್ಲಿ ಅಮೆರಿಕದ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳ ಮೇಲೆ ಪ್ರಯೋಗ ಮಾಡಿದರು. ಕೆಲವು ನಾಯಿಗಳು ತಲೆಯಿಂದ ಒಂದು ಹಲಗೆಯನ್ನೊತ್ತಿ ವಿದ್ಯುದಾಘಾತವನ್ನು ನಿಲ್ಲಿಸಬಹುದಾಗಿತ್ತು. ಇನ್ನು ಕೆಲವಕ್ಕೆ ಅಷ್ಟೇ ಆಘಾತ, ಆದರೆ ಏನು ಮಾಡಿದರೂ ಅದು ನಿಲ್ಲದು. ಬಳಿಕ ಎರಡೂ ಗುಂಪನ್ನು ಗಿಡ್ಡ ಅಡ್ಡಗೋಡೆಯ ಪೆಟ್ಟಿಗೆಯೊಳಗೆ ಬಿಟ್ಟಾಗ ಮೊದಲ ಗುಂಪು ಹಾರಿ ಪಾರಾಯಿತು. ಎರಡನೆಯ ಗುಂಪಿನ ಹೆಚ್ಚಿನ ನಾಯಿಗಳು ಹಾರಲಾರದೆ ಬಿದ್ದುಕೊಂಡೇ ಇದ್ದವು. ತಮ್ಮಿಂದ ಏನೂ ಆಗದೆಂಬುದನ್ನು ಅವು 'ಕಲಿತವು' ಎಂಬುದು ತೀರ್ಮಾನ. (ಪ್ರಯೋಗದ ಕ್ರೌರ್ಯವನ್ನು ಕುರಿತು ಪಠ್ಯಗಳು ವಹಿಸುವ ಮೌನಕ್ಕೆ ಬೇರೆಯೇ ಲೇಖನ ಬೇಕಾದೀತು.)

ಪ್ರಸಂಗಪೀಠವು ಎತ್ತಿಕೊಂಡದ್ದು ಈ ತೀರ್ಮಾನವನ್ನೇ. ಮಳೆಯನ್ನೇ ನಂಬಿದ ಜಗಳೂರಿನ ಹೊಲದಲ್ಲಿ ಬಿತ್ತಿದ್ದು ಕೈಗೆ ಬಾರದೆ, ಕೊರೆಸಿದ ಬೋರು ಬತ್ತಿ, ಸಾಲ ಹೊತ್ತು ಸುಮ್ಮನೆ ಕುಳಿತವನಿಗೆ ನಾವು ಹೇಳುವುದೇನು? 'ನೀನು ಸೋಲನ್ನು ಕಲಿತಿದ್ದೀ, ಅದನ್ನು ಮರೆ, ವಿಶ್ವಾಸದಿಂದ ಏಳು.' ಚನ್ನಗಿರಿಯ ಕಡೆ ತೋಟ ಉಳಿಸಲು ಟ್ಯಾಂಕರ್ ನೀರು ಹಾಕಿಸಿ ಕೈ ಬರಿದಾದವನಿಗೂ ಇದೇ ಮಾತು. ನಾವೂ ಹೀಗೆ ಪ್ರಸಂಗಿಸಿದ್ದುಂಟು. ಬೇತ್ಸಥಾ ಕೊಳದ ಬಳಿ 38 ವರುಷ ಮಲಗಿದ್ದವನನ್ನು (ಯೋಹಾನ 5) ಮನಸ್ಸಿಲ್ಲದವನೆಂದು ದೂರುವ ಪ್ರಸಂಗವು ಇದರ ಒಡಹುಟ್ಟು.

ಇಲ್ಲಿ ಎರಡು ತಪ್ಪುಗಳಿವೆ. ಮೊದಲನೆಯದು ವಿಜ್ಞಾನದ ತಪ್ಪು. ಅದೇ ಮೇಯರ್ ಮತ್ತು ಸೆಲಿಗ್ಮನ್, ಮೆದುಳಿನ ಅಧ್ಯಯನಗಳ ಆಧಾರದ ಮೇಲೆ, 2016ರಲ್ಲಿ ತಮ್ಮ ಸಿದ್ಧಾಂತವನ್ನು ತಾವೇ ತಲೆಕೆಳಗು ಮಾಡಿದರು. ದೀರ್ಘವಾದ ನೋವಿಗೆ ದೇಹವು ತಾನಾಗಿಯೇ ಕೊಡುವ ಉತ್ತರವೇ ಮುದುಡಿಕೊಳ್ಳುವುದು. ಅದನ್ನು ಯಾರೂ ಕಲಿಯಬೇಕಿಲ್ಲ. ಕಲಿಯಬೇಕಾದದ್ದು ತನ್ನ ಕೈಯಿಂದ ಏನೋ ಆಗುತ್ತದೆಂಬ ಅರಿವು. ಆ ಅರಿವು ಮೂಡಿದಾಗ ಮೆದುಳಿನ ಮುಂಭಾಗವು ಆ ಮುದುಡುವಿಕೆಯನ್ನು ತಡೆಯುತ್ತದೆ. ತಮ್ಮ ಹೆಸರು ಮಾಡಿದ ಸಿದ್ಧಾಂತವನ್ನು ಅರ್ಧ ಶತಮಾನದ ಮೇಲೆ ತಿದ್ದಿಕೊಂಡ ಈ ವಿದ್ವಾಂಸರ ಪ್ರಾಮಾಣಿಕತೆ ನಮಗೆ ಮೆಚ್ಚುಗೆಯಾಗಿದೆ. ಹಳೆಯ ಪಾಠವನ್ನೇ ಇನ್ನೂ ಒಪ್ಪಿಸುವ ಪಠ್ಯಗಳ ಬಗ್ಗೆ ಆ ಮಾತನ್ನು ಹೇಳಲಾರೆವು.

ಎರಡನೆಯದು ಪಾಲನೆಯ ತಪ್ಪು. ನಮಗೆ ಇದು ಹೆಚ್ಚು ಗುರುತರವಾದದ್ದು. ಮುದುಡುವುದು ಕಲಿತದ್ದಲ್ಲವೆಂದ ಮೇಲೆ ಅದನ್ನು ಕುಳಿತವನ ಅವಿಶ್ವಾಸವೆಂದು ಎಣಿಸಲು ಆಧಾರವಿಲ್ಲ. ಎಲೀಯನು ಜಾಲಿಗಿಡದ ಕೆಳಗೆ ಕುಳಿತು ಸಾವನ್ನು ಬೇಡಿದಾಗ (1 ಅರಸುಗಳು 19) ದೂತನು ಅವನನ್ನು ಗದರಿಸಲಿಲ್ಲ. ರೊಟ್ಟಿ, ನೀರು, ನಿದ್ದೆ, ಮತ್ತೆ ರೊಟ್ಟಿ. ಪ್ರಶ್ನೆ ಬಂದದ್ದು ಹೋರೇಬಿನ ಗವಿಯಲ್ಲಿ, ನಲವತ್ತು ದಿನಗಳ ನಡಿಗೆಯಾದ ಮೇಲೆ.

ಪಠ್ಯಗಳು ಸಾಮಾನ್ಯವಾಗಿ ಒತ್ತಿ ಹೇಳದ ಇನ್ನೊಂದು ಪ್ರಯೋಗವು ನಮ್ಮ ಸೇವೆಗೆ ಹೆಚ್ಚು ಹತ್ತಿರವಾದದ್ದು. 1968ರಲ್ಲಿ ಆ ಬಿದ್ದುಕೊಂಡ ನಾಯಿಗಳನ್ನು ಎಬ್ಬಿಸಲು ಯತ್ನಿಸಿದರು. ಗೋಡೆಯನ್ನೇ ತೆಗೆದು ಆಚೆಯಿಂದ ಕರೆದರೂ, ತಿನಿಸನ್ನು ತೋರಿಸಿದರೂ ಅವು ಸಾಮಾನ್ಯವಾಗಿ ಏಳಲಿಲ್ಲ. ಕೊರಳಿಗೆ ಹಗ್ಗ ಕಟ್ಟಿ ಮತ್ತೆ ಮತ್ತೆ ಆಚೆಗೆ ಎಳೆದೊಯ್ದ ಮೇಲೆ ತಾವೇ ದಾಟತೊಡಗಿದವು. ಮನುಷ್ಯನನ್ನು ಹಗ್ಗ ಹಾಕಿ ಎಳೆಯಲಾಗದು, ಎಳೆಯಲೂಬಾರದು. ಆದರೆ ಕೇವಲ ಕರೆಯುವುದು ಸಾಲದೆಂಬುದನ್ನು ಪ್ರಸಂಗದ ಮೇಲೆ ಅತಿಯಾದ ಭರವಸೆಯಿಟ್ಟ ನಾವು ಗಮನಿಸಬೇಕು. ಕೊಳದ ಬಳಿಯಿದ್ದವನು ಹೇಳಿಕೊಂಡ ದೂರೂ ಅದೇ: ತನ್ನನ್ನು ನೀರಿಗಿಳಿಸುವವರು ಯಾರೂ ಇಲ್ಲ.

ಯೇಸು ಬಳಿಕ ದೇವಾಲಯದಲ್ಲಿ ಅವನಿಗೆ ಇನ್ನು ಪಾಪಮಾಡಬೇಡವೆಂದು ಹೇಳಿದನಲ್ಲವೇ ಎಂದು ಓದುಗರು ಆಕ್ಷೇಪಿಸಬಹುದು. ಆಕ್ಷೇಪ ಸರಿಯಾದದ್ದೇ; ಆ ವಚನವನ್ನು ನಾವು ಮುಚ್ಚಿಡುವುದಿಲ್ಲ. ಪಾಪದ ಬೋಧೆಯನ್ನು ಮನೋವಿಜ್ಞಾನದಲ್ಲಿ ಕರಗಿಸಿಬಿಡುವುದೂ ನಮ್ಮ ಉದ್ದೇಶವಲ್ಲ. ಆದರೆ ಆ ಮಾತನ್ನು ಹೇಳಿದ್ದು ಹಾಸಿಗೆ ಹೊತ್ತು ನಡೆದವನಿಗೆ. ಮಲಗಿದ್ದವನಿಗೆ ಮೊದಲು ಕೇಳಿದ್ದು ಸ್ವಸ್ಥನಾಗಲು ಮನಸ್ಸುಂಟೋ ಎಂದು. ಈ ಕ್ರಮವನ್ನು ತಿರುವುಮುರುವು ಮಾಡಲು ನಮಗೆ ಅಧಿಕಾರವಿಲ್ಲ.

ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ 1985ರಿಂದ 1990ರವರೆಗೆ ನಿಮ್ಹಾನ್ಸ್ ನಡೆಸಿದ ಪ್ರಯೋಗವು ಪ್ರಾಥಮಿಕ ಆರೋಗ್ಯಕೇಂದ್ರದ ವೈದ್ಯರೂ ಕಾರ್ಯಕರ್ತರೂ ತರಬೇತಿ ಪಡೆದರೆ ಹಳ್ಳಿಯಲ್ಲೇ ಮಾನಸಿಕ ಚಿಕಿತ್ಸೆ ಸಾಧ್ಯವೆಂದು ತೋರಿಸಿತು. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಈಗ 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವೂ ದೊರೆಯುತ್ತದೆ. ಆ ಸಂಖ್ಯೆಯನ್ನು ಆರಾಧನೆಯ ನಂತರದ ಪ್ರಕಟಣೆಗಳಲ್ಲಿ ಓದಿ ಹೇಳುವುದಷ್ಟೇ ಸಾಲದು. ಕುಳಿತವನ ಮನೆಗೆ ಹೋಗಿ, ಅವನೊಡನೆ ಬಸ್ಸು ಹತ್ತಿ, ತಾಲ್ಲೂಕು ಆಸ್ಪತ್ರೆಯ ಸರದಿಯಲ್ಲಿ ನಿಲ್ಲುವುದಕ್ಕೆ ವಾರದಲ್ಲಿ ಅರ್ಧ ದಿನ ಬೇಕಾಗುತ್ತದೆ. ನಮ್ಮ ಸೆಮಿನರಿಗಳ ಪಾಠಕ್ರಮದಲ್ಲಿ ಆ ಅರ್ಧ ದಿನಕ್ಕೆ ಸ್ಥಳ ಮಾಡಿಕೊಡುವುದು ಹೇಗೆಂಬುದನ್ನು ಅಧ್ಯಾಪಕಮಂಡಲಿಗಳು ಚರ್ಚಿಸಲಿ ಎಂದು ಕೋರುತ್ತೇವೆ.