ಹೊಳೆಯ ತಳದ ಸಾಕ್ಷಿಗಳು

ಹೊಳೆಯ ಆರೋಗ್ಯವನ್ನು ವಿಚಾರಿಸಬೇಕಾದದ್ದು ಅದರ ತಳದ ಹುಳುಗಳಲ್ಲಿ. ತುಂಗಾ, ಭದ್ರಾ ಹುಟ್ಟುವ ಗಂಗಾಮೂಲದಂಥ ಘಟ್ಟದ ನೆರಳಿನಲ್ಲಿ ಉದುರಿದ ಎಲೆಯೇ ತೊರೆಯ ಜೀವಿಗಳಿಗೆ ದೊಡ್ಡ ಆಹಾರ. ಕೆಳಗಿಳಿದು ಹೊಳೆ ಅಗಲವಾದಂತೆ ಬಿಸಿಲು ಬಿದ್ದು, ಕಲ್ಲಿನ ಪಾಚಿ ಕೆರೆದು ತಿನ್ನುವವು ಹೆಚ್ಚುತ್ತವೆ. ಬಯಲಿನಲ್ಲಿ ಹೂಳಿನೊಳಗೆ ಹುದುಗಿ ಬದುಕುವವು. ಕ್ಯಾಡಿಸ್ ನೊಣದ ಮರಿಹುಳುವಿನ ಕೈಚಳಕವಂತೂ ಬೆರಗು ಹುಟ್ಟಿಸುತ್ತದೆ: ನೀರಿನೊಳಗೇ ರೇಷ್ಮೆ ನೂತು, ಮರಳಿನ ಕಣಗಳನ್ನು ಒಂದೊಂದಾಗಿ ಅಂಟಿಸಿ ಮೈಯಳತೆಯ ಕೊಳವೆ ಕಟ್ಟಿಕೊಳ್ಳುತ್ತದೆ. ಅದರದೇ ಬಳಗದ ಇನ್ನೊಂದು ಕಲ್ಲುಗಳ ಸಂದಿಗೆ ಬಲೆ ಬಿಗಿದು, ಹರಿವು ಹೊತ್ತು ತರುವ ಊಟಕ್ಕೆ ಕಾಯುತ್ತದೆ.

ನೀರನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ಸಾಲದೇ ಎನ್ನುವವರುಂಟು. ಆ ಪರೀಕ್ಷೆ ಬೇಕೇ ಬೇಕು, ಆದರೆ ಶೀಶೆ ತುಂಬಿದ ಗಳಿಗೆಯ ನೀರನ್ನಷ್ಟೇ ಅದು ಬಲ್ಲದು. ನಿನ್ನೆ ರಾತ್ರಿ ಹರಿದುಹೋದ ವಿಷದ ಸುಳಿವು ಕೊಡುವುದು ತಿಂಗಳುಗಟ್ಟಲೆ ಅಲ್ಲೇ ಬಾಳುವ ಈ ಮರಿಗಳ ಗೈರುಹಾಜರಿ. ನೆರೆಯೂ ಅವನ್ನು ಕೊಚ್ಚಿಕೊಂಡು ಹೋಗುತ್ತದಲ್ಲ ಎಂಬ ಆಕ್ಷೇಪ ಹೆಚ್ಚು ತೂಕದ್ದು. ನಿಜ, ಆಷಾಢದ ಕೆಂಪು ನೀರಿನಲ್ಲಿ ಎಣಿಕೆ ಕುಸಿಯುತ್ತದೆ. ನೀರು ತಿಳಿಯಾದ ಮೇಲೆ ಮತ್ತೆ ಏರುತ್ತದೆ. ಆದ್ದರಿಂದಲೇ ಘಟ್ಟದ ತೊರೆಯನ್ನು ಬಯಲಿನ ಹೊಳೆಗೆ, ಶ್ರಾವಣವನ್ನು ಮಾಘಕ್ಕೆ ಹೋಲಿಸಬಾರದು. ಅದೇ ಎತ್ತರ, ಅದೇ ಋತು ಹಿಡಿದು ಅಳೆಯಬೇಕು. ನದಿಗಳ ಹೊಣೆ ಹೊತ್ತವರು ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಈ ಎಣಿಕೆ ನಡೆಸಲಿ.