ಅರಸನ ಲಿಪಿಯೋ, ಕಂಡರಿಸಿದವನ ಲಿಪಿಯೋ? : ಚಿಕ್ಕಬಳ್ಳಾಪುರ ಸೀಮೆಯ ಶಾಸನಾಕ್ಷರಗಳ ಕಾಲನಿರ್ಣಯ

ಕನ್ನಡ ಲಿಪಿಯ ಉಗಮ ಮತ್ತು ವಿಕಾಸವನ್ನು ಕುರಿತ ನಮ್ಮ ಅಧ್ಯಯನಗಳು ಸಾಮಾನ್ಯವಾಗಿ ರಾಜವಂಶಗಳ ಅನುಕ್ರಮವನ್ನೇ ಅನುಸರಿಸಿವೆ. ಅಶೋಕನ ಬ್ರಾಹ್ಮಿ, ಶಾತವಾಹನ, ಕದಂಬ, ಗಂಗ, ಬಾದಾಮಿ ಚಾಲುಕ್ಯ, ರಾಷ್ಟ್ರಕೂಟ, ಕಲ್ಯಾಣ ಚಾಲುಕ್ಯ, ಹೊಯ್ಸಳ, ವಿಜಯನಗರ ಎಂಬ ಶೀರ್ಷಿಕೆಗಳ ಅಡಿಯಲ್ಲಿ ಅಕ್ಷರಪಟ್ಟಿಗಳು ಸಿದ್ಧವಾಗಿವೆ. ಎ.ಸಿ. ಬರ್ನೆಲ್ 1874ರಲ್ಲಿ ದಕ್ಷಿಣ ಭಾರತದ ಲಿಪಿಗಳನ್ನು ಕುರಿತು ಗ್ರಂಥ ಪ್ರಕಟಿಸಿದ ಕಾಲದಿಂದ ಎ.ವಿ. ನರಸಿಂಹಮೂರ್ತಿಯವರ 'ಕನ್ನಡ ಲಿಪಿಯ ಉಗಮ ಮತ್ತು ವಿಕಾಸ'ದವರೆಗೆ ನಡೆದ ಕಾರ್ಯದ ಮಹತ್ತ್ವ ನಿರ್ವಿವಾದವಾದುದು. ಆದರೆ ಈ ಪಟ್ಟಿಗಳನ್ನು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ಶಾಸನಗಳಿಗೆ ಅನ್ವಯಿಸುವಾಗ ಒಂದು ಮೂಲಭೂತ ತೊಡಕು ಎದುರಾಗುತ್ತದೆ. ಅದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2007ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಈ ಪ್ರದೇಶವು ಕೋಲಾರ ಜಿಲ್ಲೆಗೆ ಸೇರಿತ್ತು. ಇಲ್ಲಿಯ ಶಾಸನಗಳು ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹತ್ತನೆಯ ಸಂಪುಟದಲ್ಲಿ (1905) ತಾಲ್ಲೂಕುವಾರು ಮುದ್ರಿತವಾಗಿವೆ. ಗಂಗ, ಬಾಣ, ನೊಳಂಬ, ವೈದುಂಬ, ಚೋಳರ ಅಧಿಕಾರ ಒಂದರ ಮೇಲೊಂದು ಹಾದುಹೋದ ನೆಲವಿದು. ನಂದಿಯ ಭೋಗನಂದೀಶ್ವರ ದೇವಾಲಯದ ಪ್ರಾಚೀನತೆಗೆ ಆಧಾರವಾಗಿರುವ, ಸುಮಾರು ಕ್ರಿ.ಶ. 810ರ ಬಾಣರ ತಾಮ್ರಪಟಗಳಂತಹ ದಾಖಲೆಗಳು ಒಂದೆಡೆ. ಊರಿನ ದನಗಳಿಗಾಗಿಯೋ ಒಡೆಯನ ಕಾಳಗದಲ್ಲಿಯೋ ಮಡಿದವರ ವೀರಗಲ್ಲುಗಳು ಇನ್ನೊಂದೆಡೆ. ಇಂತಹ ವೀರಗಲ್ಲುಗಳಲ್ಲಿ ಅನೇಕಕ್ಕೆ ಶಕವರ್ಷವಿಲ್ಲ. ಇರುವುದು ಅರಸನ ಬಿರುದು ಮಾತ್ರ. ಆಗ ಸಂಪಾದಕರು 'ಲಿಪಿಯ ಆಧಾರದಿಂದ' ಕಾಲವನ್ನು ಊಹಿಸುತ್ತಾರೆ.

ತೊಡಕು ಇರುವುದು ಇಲ್ಲಿಯೇ. ಹೋಲಿಕೆಗೆ ಬಳಸುವ ಅಕ್ಷರಪಟ್ಟಿಗೆ ಮುಖ್ಯ ಆಕರ ಆಸ್ಥಾನದ ತಾಮ್ರಪಟಗಳು ಮತ್ತು ದೊಡ್ಡ ದೇವಾಲಯಗಳ ಬರೆಹಗಳು. ಅವನ್ನು ಬರೆದವರು ಪರಿಣತ ಲಿಪಿಕಾರರು. ವೀರಗಲ್ಲನ್ನು ಕಂಡರಿಸಿದವನು ಊರಿನ ಅಥವಾ ನೆರೆಯೂರಿನ ಕಲ್ಲುಕುಟಿಗ. ಅವನ ಮುಂದಿದ್ದುದು ಗಡಸು ಕಣಶಿಲೆ. ತಾಮ್ರದ ಮೇಲೆ ಸರಾಗವಾಗಿ ತಿರುಗುವ ಗೆರೆ ಕಣಶಿಲೆಯಲ್ಲಿ ಮುರಿದು ಕೋನವಾಗಬಹುದು, ತಲೆಕಟ್ಟು ಮೊಟಕಾಗಬಹುದು. ಈ ಕೋನವನ್ನು ಪ್ರಾಚೀನತೆಯ ಲಕ್ಷಣವೆಂದು ಓದಿದರೆ ಕಲ್ಲು ಹಿಂದಿನ ಶತಮಾನಕ್ಕೆ ಸರಿಯುತ್ತದೆ. ಒರಟುತನವೆಂದು ಓದಿದರೆ ಮುಂದಕ್ಕೆ ಬರುತ್ತದೆ. ಬಾಣ, ನೊಳಂಬ, ವೈದುಂಬರ ಸಂಘರ್ಷಕ್ಕೆ ಸೇರಿದ ಸೋರೆಮಡಿ ಕಾಳಗದ ಕಾಲದ ಬಗೆಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲದಿರುವುದನ್ನು ಈ ಹಿನ್ನೆಲೆಯಲ್ಲಿ ನೆನೆಯಬಹುದು. ಒಂದು ಅಕ್ಷರದ ವಯಸ್ಸು ತಪ್ಪಿದರೆ ಒಂದು ಕಾಳಗದ, ಒಂದು ಊರಿನ ಚರಿತ್ರೆಯೇ ತಪ್ಪುತ್ತದೆ.

ಈ ಸಮಸ್ಯೆಗೆ ಚೀನೀ ಲಿಪಿಯ ಚರಿತ್ರೆ ಒಂದು ಪಾಠವನ್ನು ಒದಗಿಸುತ್ತದೆ. 1899ರಲ್ಲಿ ವಾಂಗ್ ಯಿರಾಂಗ್ ಗುರುತಿಸಿದ, ಶಾಂಗ್ ಕಾಲದ ಶಕುನದ ಎಲುಬುಗಳ ಬರೆಹದಿಂದ ಇಂದಿನವರೆಗೆ ಆ ಲಿಪಿಯ ಪರಂಪರೆ ಅವಿಚ್ಛಿನ್ನವಾಗಿದೆ. ಆದರೆ ಅಲ್ಲಿಯ ಲಿಪಿಶೈಲಿಗಳ ಪ್ರಸಿದ್ಧ ಹೆಸರುಗಳು ರಾಜವಂಶಗಳವಲ್ಲ; ಮುದ್ರಾಲಿಪಿ, ಗುಮಾಸ್ತರ ಲಿಪಿ, ಶೀಘ್ರಲಿಪಿ, ಮಾದರಿ ಲಿಪಿ ಎಂಬ, ಬಳಕೆಯನ್ನೂ ಬರೆಯುವ ಬಗೆಯನ್ನೂ ಸೂಚಿಸುವ ಹೆಸರುಗಳು. ಕ್ರಿ.ಪೂ. 221ರಲ್ಲಿ ಸಾಮ್ರಾಜ್ಯವನ್ನು ಸ್ಥಾಪಿಸಿದ ಚಿನ್ ಚಕ್ರವರ್ತಿಯ ಮಂತ್ರಿ ಲೀ ಸು ಮುದ್ರಾಲಿಪಿಯನ್ನು ಏಕರೂಪಕ್ಕೆ ತಂದನೆಂಬುದು ಪ್ರಸಿದ್ಧ. ಆದರೆ 1975ರಲ್ಲಿ ಹೂಬೆ ಪ್ರಾಂತದ ಷುಯಿಹುದಿಯಲ್ಲಿ, ಸುಮಾರು ಕ್ರಿ.ಪೂ. 217ರ ಕೆಳದರ್ಜೆಯ ಅಧಿಕಾರಿಯೊಬ್ಬನ ಗೋರಿಯಲ್ಲಿ ದೊರೆತ ಸಾವಿರಕ್ಕೂ ಮಿಕ್ಕ ಬಿದಿರಪಟ್ಟಿಗಳು ಬೇರೆಯದೇ ಸಂಗತಿಯನ್ನು ತಿಳಿಸಿದವು. ಚಕ್ರವರ್ತಿಯ ಶಿಲಾಲೇಖಗಳು ಮುದ್ರಾಲಿಪಿಯಲ್ಲಿದ್ದ ಕಾಲದಲ್ಲಿಯೇ ಕಚೇರಿಯ ಗುಮಾಸ್ತರು ಕುಂಚದಿಂದ ಸರಳ ಲಿಪಿಯನ್ನು ಬರೆಯುತ್ತಿದ್ದರು; ಮುಂದೆ ಹಾನ್ ಯುಗದಲ್ಲಿ ಪ್ರಚುರವಾದುದು ಆ ಲಿಪಿಯೇ. ಒಂದೇ ಕಾಲದಲ್ಲಿ ಎರಡು ಲಿಪಿರೂಪಗಳು ಬದುಕಿದ್ದವು. ಭವಿಷ್ಯವಿದ್ದುದು ಅರಸನ ಲಿಪಿಗಲ್ಲ.

ನಮ್ಮ ನಾಡಿನಲ್ಲಿಯೂ ಲಿಪಿಕಾರನ ಕೈಗೆ ಸ್ವಂತ ಗುರುತು ಇದ್ದುದಕ್ಕೆ ಪ್ರಾಚೀನ ಸಾಕ್ಷ್ಯವಿದೆ. ಬ್ರಹ್ಮಗಿರಿಯ ಅಶೋಕ ಶಾಸನದ ಕೊನೆಯಲ್ಲಿ ಲಿಪಿಕಾರ ಚಪಡನು ತನ್ನ ವೃತ್ತಿಯ ಹೆಸರನ್ನು, ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿಯಲ್ಲಿ ಕಂಡರಿಸಿದ್ದಾನೆ. ಶಾಸನ ಅರಸನದು, ಕೈ ಲಿಪಿಕಾರನದು.

ಗಡಿಸೀಮೆಯಾದ ಈ ನಾಲ್ಕು ತಾಲ್ಲೂಕುಗಳಲ್ಲಿ ಪ್ರಶ್ನೆ ಇನ್ನಷ್ಟು ಸೂಕ್ಷ್ಮವಾದುದು. ಕನ್ನಡ ಮತ್ತು ತೆಲುಗು ಬಹುಕಾಲ ಒಂದೇ ಲಿಪಿಯನ್ನು ಹಂಚಿಕೊಂಡಿದ್ದವು. ಈಗಿನಷ್ಟು ಸ್ಪಷ್ಟವಾದ ಅಂತರ ಸ್ಥಿರವಾದುದು 19ನೆಯ ಶತಮಾನದ ಅಚ್ಚುಮೊಳೆಗಳಿಂದ. ಆದ್ದರಿಂದ ಅಕ್ಷರದ ಆಕಾರ ಮಾತ್ರದಿಂದ ಭಾಷೆಯನ್ನು ನಿರ್ಣಯಿಸಲಾಗದು. ೞಕಾರದ ಬಳಕೆಯನ್ನು ಕಾಲನಿರ್ಣಯಕ್ಕೆ ಬಳಸುವಲ್ಲಿಯೂ ಎಚ್ಚರ ಬೇಕು. ಅದು ಕನ್ನಡದಲ್ಲಿ ಹೆಚ್ಚಾಗಿ ಳಕಾರವಾಗಿಯೂ ತೆಲುಗಿನಲ್ಲಿ ಹೆಚ್ಚಾಗಿ ಡಕಾರವಾಗಿಯೂ ಪರಿಣಮಿಸಿತು. ಎರಡೂ ಭಾಷೆಗಳನ್ನಾಡುವ ಊರಿನ ಕಲ್ಲುಕುಟಿಗನ ಕಾಗುಣಿತಕ್ಕೆ ಆಸ್ಥಾನಕವಿಯ ಕಾಗುಣಿತವನ್ನು ಅಳತೆಗೋಲಾಗಿ ಹಿಡಿಯುವುದು ಯುಕ್ತವಲ್ಲ. ಕೈವಾರದ ಯೋಗಿ ನಾರೇಯಣರ ತೆಲುಗು ರಚನೆಗಳು ಈ ಸೀಮೆಯಲ್ಲಿ ಕನ್ನಡ ಲಿಪಿಯಲ್ಲಿಯೇ ಪ್ರಚಾರದಲ್ಲಿರುವುದು, ಭಾಷೆ ಮತ್ತು ಲಿಪಿ ಇಲ್ಲಿ ಒಂದಕ್ಕೊಂದು ಕಟ್ಟುಬಿದ್ದಿಲ್ಲವೆಂಬುದಕ್ಕೆ ಈಚಿನ ನಿದರ್ಶನ.

ರೈಸ್ ಅವರ ಸಂಪುಟದ ಒಂದು ಮಿತಿಯನ್ನೂ ಗಮನಿಸಬೇಕು. ಅಲ್ಲಿ ಪಾಠಗಳು ಏಕರೂಪದ ಅಚ್ಚಿನ ಅಕ್ಷರಗಳಲ್ಲಿವೆ. ಪಡಿಯಚ್ಚಿನ ಚಿತ್ರಗಳು ಕೆಲವಕ್ಕೆ ಮಾತ್ರ. ಶಾಸನದ ವಿಷಯವನ್ನು ಉಳಿಸಿದ ಮುದ್ರಣವೇ ಅಕ್ಷರದ ಚಹರೆಯನ್ನು ಅಳಿಸಿತು. ಮೂಲಶಿಲೆಗಳಿಗೆ ಮರಳದೆ ಲಿಪಿಚರಿತ್ರೆ ಸಾಧ್ಯವಿಲ್ಲ. ಆದರೆ ಹೊಲದಂಚಿನ, ಕೆರೆಯ ಏರಿಯ ಕಲ್ಲುಗಳು ಬಿಸಿಲುಮಳೆಗೆ ಸವೆಯುತ್ತಿವೆ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಲ್ಲಿ ಕೈಗೊಂಡ ಮೂರು ಆಯಾಮದ ಗಣಕೀಕೃತ ದಾಖಲೀಕರಣ ಅನುಸರಣೀಯವಾದ ಮಾದರಿ.

ಆಗಬೇಕಾದ ಕಾರ್ಯ ಸ್ಪಷ್ಟವಾಗಿದೆ. ಮೊದಲು ಈ ತಾಲ್ಲೂಕುಗಳ ಶಕವರ್ಷ ಸಹಿತವಾದ ಶಿಲಾಶಾಸನಗಳಿಂದಲೇ ಅಕ್ಷರಪಟ್ಟಿಯನ್ನು ರಚಿಸಬೇಕು. ತಾಮ್ರಪಟಗಳ ಪಟ್ಟಿಯನ್ನು ಬೇರೆಯಾಗಿ ಇಡಬೇಕು. ಬಳಿಕವಷ್ಟೇ ಕಾಲಸೂಚನೆಯಿಲ್ಲದ ವೀರಗಲ್ಲುಗಳನ್ನು ಹೋಲಿಸಬೇಕು. ಅಲ್ಲಿಯವರೆಗೆ 'ಲಿಪಿಯ ಆಧಾರದಿಂದ' ಎಂಬ ಮಾತಿನ ಮುಂದೆ 'ಯಾರ ಲಿಪಿ, ಯಾವುದರ ಮೇಲಿನ ಲಿಪಿ' ಎಂಬ ಪ್ರಶ್ನೆಯನ್ನು ಸಂಶೋಧಕರು ಇಟ್ಟುಕೊಳ್ಳುವುದು ಲೇಸು.